ಚಿತ್ರಗಳು ಎಲ್ಲಿ ಹೋದುವು?

ಹತ್ತು ಹದಿನೈದು ವರ್ಷಗಳಿಂದ ಕೂಡಿಟ್ಟ ಛಾಯಾಚಿತ್ರಗಳನ್ನು ನೋಡಬೇಕೆಂದು ಕಂಪ್ಯೂಟರಿನ ಮುಂದೆ ಕುಳಿತವರಿಗೆ ಒಂದು ದಿನ ವಿಚಿತ್ರವಾದ ನೋಟವೊಂದು ಕಾಣಬರುವುದುಂಟು. ಚಿತ್ರಗಳ ಪುಟ್ಟ ಪ್ರತಿಗಳೇನೋ ತೆರೆಯ ಮೇಲೆ ಎಂದಿನಂತೆ ಸಾಲಾಗಿ ನಿಂತಿವೆ. ಅಜ್ಜಿಯ ಮುಖ, ಮದುವೆಯ ಚಪ್ಪರ, ಪ್ರವಾಸದಲ್ಲಿ ಹತ್ತಿದ ಬೆಟ್ಟ, ಎಲ್ಲವೂ ಇವೆ. ಆದರೆ ಪ್ರತಿಯೊಂದರ ಮೂಲೆಯಲ್ಲಿಯೂ ಒಂದು ಆಶ್ಚರ್ಯಸೂಚಕ ಚಿಹ್ನೆ. ಬದಿಯ ಪಟ್ಟಿಯಲ್ಲಿ ಫೋಲ್ಡರಿನ ಗುರುತಿನ ಮೇಲೆ ಪ್ರಶ್ನಾರ್ಥಕ ಚಿಹ್ನೆ. ಯಾವುದಾದರೊಂದು ಚಿತ್ರವನ್ನು ತಿದ್ದಲು ಹೊರಟರೆ, ಫೈಲು ಸಿಗಲಿಲ್ಲವೆಂಬ ಉತ್ತರ ಬರುತ್ತದೆ. ನಿನ್ನೆ ಇದ್ದ ನಲವತ್ತು ಸಾವಿರ ಚಿತ್ರಗಳು ಒಂದೇ ರಾತ್ರಿಯಲ್ಲಿ ಎಲ್ಲಿ ಹೋದುವು?

ಬಹುಪಾಲು ಸಂದರ್ಭಗಳಲ್ಲಿ ಅವು ಎಲ್ಲಿಯೂ ಹೋಗಿರುವುದಿಲ್ಲ. ಇಟ್ಟ ಕಡೆಯಲ್ಲಿಯೇ, ಇಟ್ಟಂತೆಯೇ ಇರುತ್ತವೆ. ನಿಜವಾದ ನಷ್ಟ ಸಂಭವಿಸುವುದು ಅನಂತರದ ಅರ್ಧ ಗಂಟೆಯಲ್ಲಿ. ಚಿತ್ರಗಳು ಅಳಿದುಹೋದುವೆಂದು ನಂಬಿದವರು, ಕಾಣದಿರುವ ಚಿತ್ರಗಳನ್ನು ಪಟ್ಟಿಯಿಂದ ತೆಗೆದುಹಾಕೆಂದು ತಂತ್ರಾಂಶಕ್ಕೆ ಆಜ್ಞೆ ಕೊಡುತ್ತಾರೆ. ಇಲ್ಲವೇ ಹಳೆಯ ಪಟ್ಟಿಯನ್ನು ಬಿಟ್ಟು ಎಲ್ಲವನ್ನೂ ಹೊಸದಾಗಿ ಸೇರಿಸತೊಡಗುತ್ತಾರೆ. ಆಗ ಚಿತ್ರಗಳು ಉಳಿದಾವು. ಆದರೆ ವರ್ಷಗಟ್ಟಲೆ ಕುಳಿತು ಮಾಡಿದ ತಿದ್ದುಪಾಟು, ವಿಂಗಡಣೆ, ಒಂದೊಂದು ಮುಖಕ್ಕೂ ಬರೆದ ಹೆಸರು ಇವು ಉಳಿಯಲಾರವು. ಇದೇಕೆ ಹೀಗೆ ಎಂಬುದು ತಿಳಿಯಬೇಕಾದರೆ, ಛಾಯಾಚಿತ್ರಗಳನ್ನು ನೋಡಿಕೊಳ್ಳುವ ತಂತ್ರಾಂಶವು ತನ್ನ ಬಳಿ ಏನನ್ನು ಇಟ್ಟುಕೊಂಡಿರುತ್ತದೆ, ಏನನ್ನು ಇಟ್ಟುಕೊಂಡಿರುವುದಿಲ್ಲ ಎಂಬುದನ್ನು ಮೊದಲು ವಿಚಾರಮಾಡಬೇಕು.

ಹಳೆಯ ದೊಡ್ಡ ಗ್ರಂಥಾಲಯಗಳಲ್ಲಿ ಬಾಗಿಲ ಬಳಿಯೇ ಕಾರ್ಡುಗಳ ಪೆಟ್ಟಿಗೆಗಳಿರುತ್ತಿದ್ದುವು. ಒಂದೊಂದು ಪುಸ್ತಕಕ್ಕೂ ಒಂದು ಕಾರ್ಡು. ಅದರ ಮೇಲೆ ಪುಸ್ತಕದ ಹೆಸರು, ಬರೆದವರ ಹೆಸರು, ಅದು ಯಾವ ಕಪಾಟಿನ ಯಾವ ಸಾಲಿನಲ್ಲಿದೆ ಎಂಬ ಗುರುತು. ಪುಸ್ತಕವು ಕಾರ್ಡಿನೊಳಗೆ ಇರಲಿಲ್ಲವೆಂಬುದನ್ನು ಹೇಳಬೇಕಾಗಿಲ್ಲ. ರಾತ್ರೋರಾತ್ರಿ ಯಾರಾದರೂ ಕಪಾಟುಗಳ ಸಂಖ್ಯೆಗಳನ್ನು ಬದಲಾಯಿಸಿಬಿಟ್ಟರೆ, ಬೆಳಗ್ಗೆ ಬಂದ ವಿದ್ಯಾರ್ಥಿಗೆ ಒಂದು ಪುಸ್ತಕವೂ ಸಿಗಲಾರದು. ಪುಸ್ತಕಗಳೆಲ್ಲ ಭದ್ರವಾಗಿಯೇ ಇರುತ್ತವೆ. ಅಡೋಬಿ ಸಂಸ್ಥೆಯವರು ೨೦೦೭ರಲ್ಲಿ ಹೊರತಂದ, ಈಗ ಲೈಟ್‌ರೂಮ್ ಕ್ಲಾಸಿಕ್ ಎಂದು ಕರೆಯಿಸಿಕೊಳ್ಳುವ ತಂತ್ರಾಂಶದಲ್ಲಿರುವುದು ಇಂಥ ಒಂದು ಕಾರ್ಡು ಪೆಟ್ಟಿಗೆಯೇ. ಅದಕ್ಕೆ ಸೂಚಿ ಎಂದು ಹೆಸರಿಡೋಣ. ಸೂಚಿಯು ಒಂದೇ ಒಂದು ಫೈಲು. ರಿಚರ್ಡ್ ಹಿಪ್ ಎಂಬ ಅಮೆರಿಕದ ತಂತ್ರಜ್ಞರು ೨೦೦೦ದಲ್ಲಿ ರಚಿಸಿದ ಎಸ್‌ಕ್ಯೂಲೈಟ್ ಎಂಬ ದತ್ತಕೋಶದ ರೂಪದಲ್ಲಿ ಅದು ಇರುತ್ತದೆ. ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದಾದ ಡಿಜಿಕ್ಯಾಮ್ ತಂತ್ರಾಂಶವೂ ಸಾಮಾನ್ಯವಾಗಿ ಇದೇ ಕೋಶವನ್ನು ಬಳಸುತ್ತದೆ.

ಲೈಟ್‌ರೂಮಿನ ಸೂಚಿಯಲ್ಲಿ ಒಂದು ಚಿತ್ರದ ವಿಳಾಸವು ಮೂರು ತುಂಡುಗಳಾಗಿ ಬರೆಯಲ್ಪಟ್ಟಿರುತ್ತದೆ: ಬೇರಿನಂತಿರುವ ಮೇಲಿನ ಫೋಲ್ಡರು, ಅದರೊಳಗಿನ ದಾರಿ, ಕೊನೆಗೆ ಫೈಲಿನ ಹೆಸರು. ಈ ಏರ್ಪಾಡನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಪ್ರಯೋಜನಕ್ಕೆ ಬರುತ್ತದೆ. ಚಿತ್ರವನ್ನು ಬೆಳಗಿಸಿದುದು, ಕತ್ತರಿಸಿದುದು, ಬಣ್ಣ ಬದಲಿಸಿದುದು ಇವು ಯಾವುವೂ ಮೂಲಚಿತ್ರವನ್ನು ಮುಟ್ಟುವುದಿಲ್ಲ. ಇಂತಿಷ್ಟು ಬೆಳಗಿಸು, ಇಲ್ಲಿ ಕತ್ತರಿಸು ಎಂಬ ಸೂಚನೆಗಳಾಗಿ ಕಾರ್ಡಿನ ಮೇಲೆಯೇ ಉಳಿಯುತ್ತವೆ. ತೆರೆಯ ಮೇಲೆ ಕಾಣುವ ಪುಟ್ಟ ಪ್ರತಿಗಳನ್ನು ಸೂಚಿಯ ಪಕ್ಕದಲ್ಲಿ ಬೇರೆಯಾಗಿ ಶೇಖರಿಸಿರುತ್ತಾರೆ. ಆದುದರಿಂದಲೇ ಮೂಲಚಿತ್ರದ ದಾರಿ ಕಡಿದುಹೋದಾಗಲೂ ಅಜ್ಜಿಯ ಮುಖ ಕಾಣುತ್ತಲೇ ಇರುತ್ತದೆ. ಕಾರ್ಡನ್ನು ಹರಿದುಹಾಕಿ ಹೊಸ ಕಾರ್ಡು ಬರೆದರೆ ಹಳೆಯ ಸೂಚನೆಗಳು ಏನಾಗುವುವೆಂಬುದು ಈಗ ಸ್ಪಷ್ಟವಾಗಿರಬೇಕು.

ಇನ್ನು ಚಿತ್ರಗಳಿರುವ ಸ್ಥಳದ ಮಾತು. ಒಂದು ಮನೆಯಲ್ಲಿ ನಾಲ್ಕಾರು ಕಂಪ್ಯೂಟರುಗಳೂ ಫೋನುಗಳೂ ಇರುವಾಗ, ಎಲ್ಲರ ಚಿತ್ರಗಳನ್ನೂ ಒಂದೆಡೆ ಇಡುವುದು ಅನುಕೂಲ. ಇದಕ್ಕಾಗಿ ಜಾಲಕ್ಕೆ ಜೋಡಿಸಿದ ಡಿಸ್ಕಿನ ಪೆಟ್ಟಿಗೆಯೊಂದನ್ನು ರೂಟರಿನ ಬಳಿ ಇಡುತ್ತಾರೆ. ಬಳಕೆಯಲ್ಲಿ ಇದಕ್ಕೆ ನ್ಯಾಸ್ ಎಂದು ಹೆಸರು. ಹೊರಗಿನಿಂದ ನೋಡಿದರೆ ಇದೂ ಒಂದು ಡಿಸ್ಕೇ ಎನಿಸುತ್ತದೆ. ವಾಸ್ತವವಾಗಿ ಅದೊಂದು ಪುಟ್ಟ ಕಂಪ್ಯೂಟರು; ತನ್ನ ಡಿಸ್ಕುಗಳನ್ನು ಯಾರಿಗೂ ನೇರವಾಗಿ ಮುಟ್ಟಗೊಡುವುದಿಲ್ಲ. 'ಈ ಫೋಲ್ಡರಿನಲ್ಲಿ ಏನೇನಿದೆ?', 'ಆ ಫೈಲನ್ನು ತೆರೆ', 'ಅದರ ಮೊದಲ ಭಾಗವನ್ನು ಕೊಡು' ಎಂದು ನಮ್ಮ ಯಂತ್ರ ಕೇಳುತ್ತದೆ, ಅದು ಉತ್ತರಿಸುತ್ತದೆ. ಈ ಸಂವಾದಕ್ಕೆ ಗೊತ್ತಾದ ಭಾಷೆಗಳಿವೆ. ೧೯೮೦ರ ದಶಕದಲ್ಲಿ ಐಬಿಎಂ ಸಂಸ್ಥೆಯಲ್ಲಿ ಹುಟ್ಟಿ ಮುಂದೆ ವಿಂಡೋಸಿನ ಮೂಲಕ ಹರಡಿದ ಎಸ್‌ಎಂಬಿ ಒಂದು. ಅದೇ ದಶಕದಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯವರು ರೂಪಿಸಿದ ಎನ್‌ಎಫ್‌ಎಸ್ ಇನ್ನೊಂದು. ಹೀಗೆ ಕಾರ್ಡಿಗೂ ಪುಸ್ತಕಕ್ಕೂ ನಡುವೆ ಒಂದು ಬೀದಿಯೇ ಬಂದು ಸೇರಿತು. ಅದರ ಯಾವ ತಿರುವಿನಲ್ಲಿ ದಾರಿ ತಪ್ಪಿತೆಂಬುದನ್ನು ಕಂಡುಹಿಡಿಯುವುದೇ ದೋಷಪರಿಹಾರದ ಕೆಲಸ.

ಪರೀಕ್ಷೆಯನ್ನು ತಂತ್ರಾಂಶದ ಹೊರಗಿನಿಂದ ಪ್ರಾರಂಭಿಸತಕ್ಕದ್ದು. ಅದನ್ನು ಮುಚ್ಚಿ, ಫೈಲುಗಳನ್ನು ನೋಡುವ ಸಾಮಾನ್ಯ ಕಿಟಕಿಯಲ್ಲಿ ಜಾಲದ ಡಿಸ್ಕನ್ನು ತೆರೆದು, ಯಾವುದಾದರೊಂದು ಚಿತ್ರದ ಮೇಲೆ ಒತ್ತಿ ನೋಡಬೇಕು. ಚಿತ್ರ ತೆರೆದರೆ ಡಿಸ್ಕು, ತಂತಿ, ರೂಟರು ಎಲ್ಲವೂ ಸರಿಯಾಗಿವೆ. ತಪ್ಪಿರುವುದು ಸೂಚಿಯಲ್ಲಿರುವ ವಿಳಾಸ. ತೆರೆಯದಿದ್ದರೆ ದೋಷ ಕೆಳಗಿದೆ; ಸೂಚಿಯನ್ನು ಮುಟ್ಟುವ ಪ್ರಸಕ್ತಿಯೇ ಇಲ್ಲ. ಈ ಒಂದು ನಿಮಿಷದ ಪರೀಕ್ಷೆಯನ್ನು ಮಾಡದೆ ತಂತ್ರಾಂಶವನ್ನು ಅಳಿಸಿ ಮತ್ತೆ ಸ್ಥಾಪಿಸುವವರೇ ಹೆಚ್ಚು. ಅದರಿಂದ ಪ್ರಯೋಜನ ಉಂಟಾದುದನ್ನು ನಾವು ಕಂಡುದು ಬಲು ಅಪರೂಪ.

ವಿಳಾಸ ತಪ್ಪುವ ಬಗೆಗಳು ಅನೇಕ. ವಿಂಡೋಸ್ ಯಂತ್ರಗಳಲ್ಲಿ ಜಾಲದ ಫೋಲ್ಡರಿಗೆ ಝಡ್, ವೈ ಮುಂತಾದ ಒಂದಕ್ಷರದ ಹೆಸರನ್ನು ಕೊಡುವ ಪದ್ಧತಿಯಿದೆ. ನಿನ್ನೆ ಝಡ್ ಆಗಿದ್ದುದು ಇಂದು ವೈ ಆದರೆ ಸೂಚಿಗೆ ಅದು ಬೇರೊಂದು ಊರು. ತಂತ್ರಾಂಶವನ್ನು ಆಡಳಿತಗಾರನ ಅಧಿಕಾರದಿಂದ ನಡೆಸಿದರೆ ಈ ಅಕ್ಷರಗಳು ಅದಕ್ಕೆ ಕಾಣಿಸದೆಯೇ ಹೋಗುವುದೂ ಉಂಟು. ಸಾಮಾನ್ಯ ಅಧಿಕಾರದ ಸಂಪರ್ಕಗಳನ್ನೂ ವಿಶೇಷಾಧಿಕಾರದ ಸಂಪರ್ಕಗಳನ್ನೂ ವಿಂಡೋಸ್ ಪ್ರತ್ಯೇಕವಾಗಿ ಇಟ್ಟಿರುವುದೇ ಕಾರಣ. ಆ್ಯಪಲ್ ಸಂಸ್ಥೆಯ ಮ್ಯಾಕ್ ಯಂತ್ರಗಳಲ್ಲಿ ಜಾಲದ ಡಿಸ್ಕು 'ವಾಲ್ಯೂಮ್ಸ್' ಎಂಬ ಫೋಲ್ಡರಿನಲ್ಲಿ ತನ್ನ ಹೆಸರಿನಿಂದ ಕಾಣಿಸಿಕೊಳ್ಳುತ್ತದೆ. ಹಿಂದಿನ ಸಂಪರ್ಕ ಸರಿಯಾಗಿ ಮುಗಿಯದೆ ಅದೇ ಹೆಸರಿನ ಖಾಲಿ ಫೋಲ್ಡರೊಂದು ಅಲ್ಲಿ ಉಳಿದಿದ್ದರೆ, ಹೊಸದಾಗಿ ಬಂದ ಡಿಸ್ಕಿಗೆ ಹೆಸರಿನ ಕೊನೆಯಲ್ಲಿ '-೧' ಎಂಬ ಬಾಲ ಸೇರುತ್ತದೆ. ಇನ್ನು ಕೆಲವರು ನ್ಯಾಸನ್ನು ಅದರ ಅಂಕಿಯ ವಿಳಾಸದಿಂದಲೇ ಕರೆಯುತ್ತಾರೆ. ವಿದ್ಯುತ್ತು ಹೋಗಿಬಂದ ಮೇಲೆ ರೂಟರು ಬೇರೆ ಅಂಕಿಯನ್ನು ಕೊಟ್ಟರೆ ಕರೆದವರಿಗೆ ಉತ್ತರವಿಲ್ಲ. ನ್ಯಾಸಿಗೆ ಒಂದು ಅಂಕಿಯನ್ನು ಕಾಯ್ದಿರಿಸುವ ಏರ್ಪಾಡು ಬಹುತೇಕ ರೂಟರುಗಳಲ್ಲಿದೆ. ಅದನ್ನು ಮಾಡಿಟ್ಟರೆ ಈ ತೊಂದರೆ ಮರುಕಳಿಸದು.

ಇಂಥಲ್ಲಿ ಪರಿಹಾರ ಸುಲಭ. ಸಾಧ್ಯವಾದರೆ ಹಳೆಯ ಅಕ್ಷರವನ್ನೇ, ಹಳೆಯ ಹೆಸರನ್ನೇ ಡಿಸ್ಕಿಗೆ ಮತ್ತೆ ಕೊಡಬೇಕು. ಸೂಚಿಗೆ ಏನೂ ಆಗಿಲ್ಲವೆಂಬಂತೆ ಎಲ್ಲವೂ ಸರಿಹೋಗುತ್ತದೆ. ಅದು ಸಾಧ್ಯವಿಲ್ಲದಿದ್ದರೆ, ವಿಳಾಸದ ಮೂರು ತುಂಡುಗಳಲ್ಲಿ ಕೆಟ್ಟಿರುವುದು ಮೊದಲನೆಯದು ಮಾತ್ರವೆಂಬುದನ್ನು ಸ್ಮರಿಸಿಕೊಳ್ಳಬೇಕು. ಬದಿಯ ಪಟ್ಟಿಯಲ್ಲಿ ಎಲ್ಲಕ್ಕೂ ಮೇಲಿರುವ ಫೋಲ್ಡರನ್ನು ಆರಿಸಿ, 'ಫೈಂಡ್ ಮಿಸ್ಸಿಂಗ್ ಫೋಲ್ಡರ್' ಎಂಬ ಆಜ್ಞೆಯಿಂದ ಹೊಸ ಸ್ಥಳವನ್ನು ತೋರಿಸಿದರೆ, ಅದರ ಕೆಳಗಿನ ಸಾವಿರಾರು ಚಿತ್ರಗಳು ಒಮ್ಮೆಗೇ ದೊರೆಯುತ್ತವೆ. ಒಂದೊಂದೇ ಚಿತ್ರವನ್ನು ಹುಡುಕಿ ತೋರಿಸುತ್ತ ಕೂರುವುದು ವ್ಯರ್ಥ ಶ್ರಮ.

ಆದರೆ ಕೆಲವೊಮ್ಮೆ ಎಲ್ಲ ಫೋಲ್ಡರುಗಳೂ ಸಿಕ್ಕಿ ಒಂದೆರಡು ಮಾತ್ರ ಸಿಗುವುದಿಲ್ಲ. ಹೆಸರು ಅದೇ, ಸ್ಥಳ ಅದೇ, ಆದರೂ ಇಲ್ಲವೆನ್ನುತ್ತದೆ. ಇಂಗ್ಲಿಷಿನಲ್ಲಿ ಹೆಸರಿಟ್ಟವರಿಗೆ ಇದು ಆಗುವುದು ಕಡಮೆ. ಕನ್ನಡದಲ್ಲಿ ಹೆಸರಿಟ್ಟವರಿಗೆ ಆದೀತು. ಆದುದರಿಂದ ನಮ್ಮ ಓದುಗರಿಗಾಗಿ ಇದನ್ನು ಸ್ವಲ್ಪ ವಿಸ್ತಾರವಾಗಿ ವಿವರಿಸುತ್ತೇವೆ.

ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಖ್ಯೆಗಳನ್ನು ಗೊತ್ತುಮಾಡಿರುವ ಜಾಗತಿಕ ಪಟ್ಟಿಗೆ ಯೂನಿಕೋಡ್ ಎಂದು ಹೆಸರು. ಅದರಲ್ಲಿ ಕನ್ನಡದ ಕೆಲವು ಸ್ವರಚಿಹ್ನೆಗಳನ್ನು ಎರಡು ಬಗೆಯಾಗಿ ಬರೆಯಬಹುದು. 'ಮೈ' ಎಂಬಲ್ಲಿರುವ ಐತ್ವವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು. ಇಲ್ಲವೇ ಎತ್ವದ ಚಿಹ್ನೆಯನ್ನೂ ಅದರ ಕೆಳಗೆ ಬರುವ ಕೊಂಬನ್ನೂ ಬೇರೆಬೇರೆಯಾಗಿ ಜೋಡಿಸಿ ಬರೆಯಬಹುದು. ಹಿಂದೆ ಅಚ್ಚುಕೂಟದಲ್ಲಿ ಒಂದು ಗುಣಿತಾಕ್ಷರಕ್ಕೆ ಒಂದೇ ಮೊಳೆಯನ್ನು ಹಾಕುವುದಕ್ಕೂ ಎರಡು ಮೊಳೆಗಳನ್ನು ಸೇರಿಸಿ ಕೂಡಿಸುವುದಕ್ಕೂ ಇದ್ದ ವ್ಯತ್ಯಾಸವೇ ಇದು: ಕಾಗದದ ಮೇಲೆ ಬಿದ್ದ ಮುದ್ರೆ ಒಂದೇ, ಮೊಳೆಗಳ ಲೆಕ್ಕ ಬೇರೆ. ಕಣ್ಣಿಗೆ ಭೇದ ಕಾಣದು, ಯಂತ್ರಕ್ಕೆ ಕಾಣುತ್ತದೆ. 'ಮೈಸೂರು' ಎಂಬುದನ್ನು ಕೂಡಿಸಿದ ರೂಪದಲ್ಲಿ ಬರೆದರೆ ೬ ಸಂಕೇತಗಳು, ಬಿಡಿಸಿದ ರೂಪದಲ್ಲಿ ೭. ಯುಟಿಎಫ್-೮ ಎಂಬ ಪ್ರಚಲಿತ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ೩ ಬೈಟುಗಳಂತೆ ಮೊದಲನೆಯದಕ್ಕೆ ೧೮ ಬೈಟು, ಎರಡನೆಯದಕ್ಕೆ ೨೧. 'ಕೋಲಾರ'ದಲ್ಲಿ ಅಂತರ ಇನ್ನೂ ಹೆಚ್ಚು. 'ಕೋ' ಎಂಬುದರ ಓತ್ವವು ಮೂರು ತುಂಡಾಗುವುದರಿಂದ ೧೫ ಬೈಟು ೨೧ ಆಗುತ್ತದೆ. ಬೀದರ, ಕೊಡಗು ಇವುಗಳಿಗೂ ಈ ಪಾಡು ತಪ್ಪಿದ್ದಲ್ಲ. ಬೆಂಗಳೂರು, ಹಾಸನ, ಮಂಡ್ಯ ಇವುಗಳಲ್ಲಿ ಒಡೆಯುವಂಥ ಚಿಹ್ನೆ ಇಲ್ಲವಾದುದರಿಂದ ಅವಕ್ಕೆ ಬಾಧೆಯಿಲ್ಲ!

ಆ್ಯಪಲ್ ಸಂಸ್ಥೆಯವರು ೧೯೯೮ರಲ್ಲಿ ಆಚರಣೆಗೆ ತಂದ ಎಚ್‌ಎಫ್‌ಎಸ್ ಪ್ಲಸ್ ಎಂಬ ಡಿಸ್ಕಿನ ವ್ಯವಸ್ಥೆಯು ಫೈಲುಗಳ ಹೆಸರನ್ನು ಕಡ್ಡಾಯವಾಗಿ ಬಿಡಿಸಿದ ರೂಪದಲ್ಲಿಯೇ ಬರೆದಿಡುತ್ತಿತ್ತು. ನಾವು ಕನ್ನಡ ಕೀಲಿಮಣೆಯಲ್ಲಿ ಬೆರಳಚ್ಚಿಸಿದಾಗ ಸಾಮಾನ್ಯವಾಗಿ ಬರುವುದು ಕೂಡಿಸಿದ ರೂಪ. ಲಿನಕ್ಸನ್ನು ಆಧರಿಸಿದ ಅನೇಕ ನ್ಯಾಸುಗಳಾದರೋ ಬಂದ ಬೈಟುಗಳನ್ನು ಬಂದಂತೆಯೇ ಬರೆದಿಟ್ಟು, ಬೈಟು ಬೈಟಿಗೆ ಹೋಲಿಸಿ ನೋಡುತ್ತವೆ. ಹೀಗಿರಲು, ಹಳೆಯ ಮ್ಯಾಕಿನಿಂದ ಆರ್‌ಸಿಂಕ್‌ನಂಥ ಸಾಧನದ ಮೂಲಕ ನ್ಯಾಸಿಗೆ ನಕಲಾದ 'ಮೈಸೂರು' ಫೋಲ್ಡರು ೨೧ ಬೈಟಿನದು. ಸೂಚಿ ಕೇಳುತ್ತಿರುವುದು ೧೮ ಬೈಟಿನದು. ಇಲ್ಲವೆಂಬ ಉತ್ತರ ನ್ಯಾಸಿನ ದೃಷ್ಟಿಯಿಂದ ಸತ್ಯವೇ. ಒಂದೇ ಹೆಸರಿನ ಎರಡು ಫೋಲ್ಡರುಗಳು ಅಕ್ಕಪಕ್ಕದಲ್ಲಿ ಕಾಣಿಸಿಕೊಂಡರೆ ಈ ಕಾರಣವನ್ನು ಶಂಕಿಸಬೇಕು. ೨೦೧೭ರಲ್ಲಿ ಮ್ಯಾಕ್ ಯಂತ್ರಗಳಿಗೆ ಬಂದ ಎಪಿಎಫ್‌ಎಸ್ ಹೆಸರನ್ನು ಹೀಗೆ ಬಿಡಿಸದೆ ಬರೆದಂತೆಯೇ ಇಡುತ್ತದೆ. ಆದರೆ ಹಳೆಯ ನಕಲುಗಳು ಹಳೆಯವೇ. ಪರಿಹಾರವೇನೆಂದರೆ, ಫೋಲ್ಡರಿನ ಹೆಸರನ್ನು ನ್ಯಾಸಿನ ಸ್ವಂತ ನಿರ್ವಹಣೆಯ ಪುಟದಿಂದ ಒಮ್ಮೆ ಬೇರೆ ಹೆಸರಿಗೆ ಬದಲಿಸಿ, ಮತ್ತೆ ಹೊಸದಾಗಿ ಬೆರಳಚ್ಚಿಸಿ ಬರೆಯುವುದು. ಇದಕ್ಕೆ ಹೆದರಿ ಕನ್ನಡದ ಹೆಸರುಗಳನ್ನೇ ಬಿಟ್ಟುಬಿಡಬೇಕೆಂದು ನಾವು ಹೇಳಲಾರೆವು. ಒಂದೇ ಯಂತ್ರದಿಂದ ಹೆಸರಿಡುವ ಕ್ರಮವನ್ನು ಪಾಲಿಸಿದರೆ ಸಾಕಾಗುತ್ತದೆ.

ಮೇಲಿನ ಪರೀಕ್ಷೆಯಲ್ಲಿ ಡಿಸ್ಕೇ ತೆರೆಯದಿದ್ದರೆ ಏನು ಮಾಡಬೇಕು? ತಂತಿ, ವಿದ್ಯುತ್ತು, ಗುಪ್ತಪದ ಇವನ್ನು ಮೊದಲು ನೋಡಬೇಕೆಂಬುದು ಎಲ್ಲರಿಗೂ ಹೊಳೆಯುವ ಮಾತು. ಅವು ಸರಿಯಿದ್ದು, ವಿಂಡೋಸನ್ನು ನವೀಕರಿಸಿದ ಮರುದಿನವೇ ತೊಂದರೆ ಕಂಡಿದ್ದರೆ ಕಾರಣ ಬೇರೆ ಇದ್ದೀತು. ಎಸ್‌ಎಂಬಿಯ ಮೊದಲ ಆವೃತ್ತಿ ಹಳೆಯದೂ ದುರ್ಬಲವೂ ಆಗಿತ್ತು. ೨೦೧೭ರ ಮೇ ತಿಂಗಳಿನಲ್ಲಿ ಹಲವು ದೇಶಗಳ ಕಂಪ್ಯೂಟರುಗಳನ್ನು ಪೀಡಿಸಿದ ವಾನಾಕ್ರೈ ಎಂಬ ಉಪದ್ರವ ಹರಡಿದುದು ಅದರ ಬಿರುಕಿನಿಂದಲೇ. ಅದೇ ವರ್ಷದ ಕೊನೆಯ ಭಾಗದಲ್ಲಿ ಬಂದ ವಿಂಡೋಸ್ ೧೦ರ ಆವೃತ್ತಿಯಿಂದ ಮೊದಲ್ಗೊಂಡು ಆ ಹಳೆಯ ಭಾಷೆಯನ್ನು ತಾನಾಗಿ ಸ್ಥಾಪಿಸುವುದು ನಿಂತಿತು. ಅದೊಂದನ್ನೇ ಬಲ್ಲ ಹಳೆಯ ನ್ಯಾಸುಗಳು ಆಗ ಮೂಕವಾದುವು. ೨೦೨೪ರಲ್ಲಿ ಬಂದ ವಿಂಡೋಸ್ ೧೧ರ ಆವೃತ್ತಿಯಲ್ಲಿ ಪ್ರತಿಯೊಂದು ಸಂದೇಶಕ್ಕೂ ಸಹಿ ಇರಬೇಕೆಂಬ ನಿಯಮ ಬಿಗಿಯಾಯಿತು. ಗುಪ್ತಪದವಿಲ್ಲದೆ ಅತಿಥಿಯಾಗಿ ಪ್ರವೇಶಿಸುವ ರೂಢಿಗೂ ತಡೆ ಬಿತ್ತು. ನ್ಯಾಸಿನ ತಂತ್ರಾಂಶವನ್ನು ನವೀಕರಿಸಿ, ಹೆಸರು ಗುಪ್ತಪದಗಳನ್ನು ಇಟ್ಟುಕೊಳ್ಳುವುದೇ ಇದಕ್ಕೆ ಸರಿಯಾದ ಮದ್ದು. ಹಳೆಯ ದುರ್ಬಲ ಭಾಷೆಯನ್ನು ಮತ್ತೆ ಎಬ್ಬಿಸಿ ಕೂರಿಸುವ ಉಪಾಯವೂ ಪ್ರಚಾರದಲ್ಲಿದೆ. ಅದನ್ನು ನಾವು ಒಪ್ಪುವುದಿಲ್ಲ.

ನಿಧಾನಗತಿಯ ದೂರು ಇನ್ನೊಂದು. ಇಲ್ಲಿ ಸ್ವಲ್ಪ ಗಣಿತ ಮಾಡಿದರೆ ಅನೇಕ ಭ್ರಮೆಗಳು ಕಳೆಯುತ್ತವೆ. ಒಂದೊಂದು ೨೫ ಮೆಗಾಬೈಟಿನ ೪೦,೦೦೦ ಚಿತ್ರಗಳೆಂದರೆ ೧೦ ಲಕ್ಷ ಮೆಗಾಬೈಟು. ಗಿಗಾಬಿಟ್ ತಂತಿಯ ಶಾಸ್ತ್ರೋಕ್ತ ಮಿತಿ ಸೆಕೆಂಡಿಗೆ ೧೨೫ ಮೆಗಾಬೈಟು. ವ್ಯವಹಾರದಲ್ಲಿ ೧೦೦ ಎಂದಿಟ್ಟುಕೊಂಡರೆ, ಎಲ್ಲವನ್ನೂ ಒಮ್ಮೆ ಓದಲು ೧೦,೦೦೦ ಸೆಕೆಂಡು, ಅಂದರೆ ಸುಮಾರು ಎರಡೂ ಮುಕ್ಕಾಲು ಗಂಟೆ ಹಿಡಿಯುತ್ತದೆ. ಆದರೆ ವೇಗವೊಂದೇ ಮುಖ್ಯವಲ್ಲ. ಒಂದು ಫೈಲಿನ ಬಗ್ಗೆ ತಿಳಿಯಲು ಐದು ಸಲ ಪ್ರಶ್ನೋತ್ತರ ನಡೆಯುವುದೆಂದು ಊಹಿಸೋಣ. ಒಂದು ಪ್ರಶ್ನೋತ್ತರಕ್ಕೆ ಸೆಕೆಂಡಿನ ಸಾವಿರದಲ್ಲೊಂದು ಭಾಗ ಸಾಕಾದರೆ ೪೦,೦೦೦ ಫೈಲುಗಳಿಗೆ ೨೦೦ ಸೆಕೆಂಡು. ವೈ-ಫೈಯಲ್ಲಿ ಅದು ಐದು ಪಟ್ಟಾದರೆ ೧,೦೦೦ ಸೆಕೆಂಡು. ಒಂದು ಚಿತ್ರವನ್ನೂ ಓದುವ ಮೊದಲೇ ಹದಿನೇಳು ನಿಮಿಷ ಹತ್ತಿರ ಕಳೆದಿರುತ್ತದೆ. ಹೊಸ ಚಿತ್ರಗಳನ್ನು ಸೇರಿಸುವ ದಿನವಾದರೂ ತಂತಿಯಿಂದ ಜೋಡಿಸಿಕೊಳ್ಳುವುದು ಒಳ್ಳೆಯದು. ಬೆಳಗ್ಗೆ ಮೊದಲ ಚಿತ್ರ ಮಾತ್ರ ತಡವಾಗಿ ತೆರೆದು ಅನಂತರ ಎಲ್ಲವೂ ಚುರುಕಾದರೆ, ಕೆಲಸವಿಲ್ಲದೆ ನಿಂತಿದ್ದ ಡಿಸ್ಕು ತಿರುಗಲು ತೊಡಗಿತೆಂದಷ್ಟೇ ಅರ್ಥ.

ಚಿತ್ರಗಳು ನ್ಯಾಸಿನಲ್ಲಿರುವಾಗ ಸೂಚಿಯನ್ನೂ ಅಲ್ಲಿಯೇ ಇಟ್ಟರೆ ಎಲ್ಲ ಯಂತ್ರಗಳಿಂದಲೂ ನೋಡಬಹುದಲ್ಲ ಎಂಬ ಆಲೋಚನೆ ಸಹಜವಾಗಿ ಬರುತ್ತದೆ. ಲೈಟ್‌ರೂಮ್ ಕ್ಲಾಸಿಕ್ ಜಾಲದ ಡಿಸ್ಕಿನಲ್ಲಿರುವ ಸೂಚಿಯನ್ನು ತೆರೆಯಲು ನಿರಾಕರಿಸುತ್ತದೆ. ಇದು ಕೇವಲ ಹಟವಲ್ಲ. ಎಸ್‌ಕ್ಯೂಲೈಟ್ ಕೋಶದಲ್ಲಿ ಬರೆಯುವ ಮುನ್ನ ತಂತ್ರಾಂಶವು ಫೈಲಿಗೆ ಒಂದು ಬೀಗ ಹಾಕಿಕೊಳ್ಳುತ್ತದೆ; ಬೀಗ ಬಿದ್ದಿರುವಾಗ ಇನ್ನೊಬ್ಬರು ಬರೆಯುವಂತಿಲ್ಲ. ಒಂದೇ ಯಂತ್ರದೊಳಗೆ ಈ ಬೀಗ ನಂಬಿಕೆಗೆ ಅರ್ಹ. ಜಾಲದ ಆಚೆಯಿರುವ ಡಿಸ್ಕಿನಲ್ಲಾದರೋ ಬೀಗ ಹಾಕಿತೆಂಬ ಉತ್ತರ ಬಂದರೂ ಅದು ಬಿದ್ದಿರದ ಸಂದರ್ಭಗಳಿವೆ. ಎಸ್‌ಕ್ಯೂಲೈಟ್ ರಚಿಸಿದವರೇ ಈ ಎಚ್ಚರಿಕೆಯನ್ನು ಕೊಟ್ಟಿದ್ದಾರೆ. ಇಬ್ಬರು ಗುಮಾಸ್ತರು ಒಂದೇ ಲೆಕ್ಕದ ಪುಸ್ತಕದ ಒಂದೇ ಪುಟದಲ್ಲಿ ಒಬ್ಬರಿಗೊಬ್ಬರು ತಿಳಿಯದಂತೆ ಬರೆದರೆ ಆ ಪುಟದ ಗತಿ ಏನಾದೀತೋ ಸೂಚಿಯ ಗತಿಯೂ ಅದೇ. ಸೂಚಿ ಹಲವರಿಗೆ ಬೇಕೇಬೇಕೆಂದಾದರೆ ಡಿಜಿಕ್ಯಾಮ್ ತಂತ್ರಾಂಶದಲ್ಲಿ ಇನ್ನೊಂದು ದಾರಿಯಿದೆ: ಮೈಎಸ್‌ಕ್ಯೂಎಲ್ ಅಥವಾ ಮರಿಯಾಡಿಬಿ ಎಂಬ ದತ್ತಕೋಶದ ಸರ್ವರನ್ನು ಬಳಸುವುದು. ಆಗ ಪುಸ್ತಕ ಒಬ್ಬನೇ ಗುಮಾಸ್ತನ ಕೈಯಲ್ಲಿರುತ್ತದೆ. ಉಳಿದವರು ಅವನಿಗೆ ಹೇಳಿ ಬರೆಯಿಸುತ್ತಾರೆ. ಉಳಿದಂತೆ, ಸೂಚಿಯನ್ನು ಯಂತ್ರದ ಸ್ವಂತ ಡಿಸ್ಕಿನಲ್ಲಿಟ್ಟು, ಅದರ ನಕಲನ್ನು ಮಾತ್ರ ಆಗಾಗ ನ್ಯಾಸಿಗೆ ಕಳುಹಿಸುವುದೇ ಕ್ಷೇಮ. ಕಾರ್ಡಿನ ಸೂಚನೆಗಳನ್ನು ಚಿತ್ರದ ಜೊತೆಗೇ ಎಕ್ಸ್‌ಎಂಪಿ ಎಂಬ ರೂಪದಲ್ಲಿ ಬರೆದಿಡುವ ಸೌಲಭ್ಯವೂ ಉಂಟು. ಅದನ್ನು ನಾವಾಗಿ ಚಾಲೂ ಮಾಡಬೇಕು. ತಿದ್ದುಪಾಟುಗಳು ಅದರಿಂದ ಉಳಿದರೂ ಸಂಗ್ರಹಗಳಾಗಿ ಮಾಡಿದ ವಿಂಗಡಣೆ ಉಳಿಯದು.

ಇದನ್ನೆಲ್ಲ ಓದಿದುದರಿಂದ ಮಾತ್ರ ಕೈಗೆ ಧೈರ್ಯ ಬಾರದು. ಲೈಟ್‌ರೂಮ್ ಉಳ್ಳವರು ಒಂದು ಸಣ್ಣ ಪ್ರಯೋಗ ಮಾಡಿ ನೋಡಬಹುದು. ಹೊಸದಾಗಿ ಒಂದು ಸೂಚಿಯನ್ನು ತೆರೆಯಬೇಕು. ನ್ಯಾಸಿನಲ್ಲಿ 'ಪ್ರಯೋಗ' ಎಂಬ ಫೋಲ್ಡರು ಮಾಡಿ, ಯಾವುದಾದರೂ ಹತ್ತು ಚಿತ್ರಗಳ ಪ್ರತಿಗಳನ್ನು ಅದರಲ್ಲಿಟ್ಟು ಸೂಚಿಗೆ ಸೇರಿಸಿ, ಒಂದನ್ನು ಕಪ್ಪುಬಿಳುಪಾಗಿ ಮಾರ್ಪಡಿಸಬೇಕು. ಈಗ ತಂತ್ರಾಂಶವನ್ನು ಮುಚ್ಚಿ, ಹೊರಗಿನಿಂದ ಫೋಲ್ಡರಿನ ಹೆಸರನ್ನು ಬದಲಿಸಿ, ಮತ್ತೆ ತೆರೆದರೆ ಪ್ರಶ್ನಾರ್ಥಕ ಚಿಹ್ನೆ ಬಂದು ನಿಲ್ಲುತ್ತದೆ. ಪುಟ್ಟ ಪ್ರತಿಗಳು ಮಾತ್ರ ಕಾಣುತ್ತಲೇ ಇರುತ್ತವೆ. ಹೊಸ ಸ್ಥಳವನ್ನು ತೋರಿಸಿದೊಡನೆ ಚಿಹ್ನೆ ಮಾಯವಾಗುತ್ತದೆ, ಕಪ್ಪುಬಿಳುಪು ಹಾಗೆಯೇ ಉಳಿದಿರುತ್ತದೆ. ಇನ್ನು ಎರಡನೆಯ ಭಾಗ: ಆ ಚಿತ್ರವನ್ನು ಸೂಚಿಯಿಂದ ಮಾತ್ರ ತೆಗೆದು, ಡಿಸ್ಕಿನಿಂದ ಅಳಿಸದೆ, ಪುನಃ ಸೇರಿಸಬೇಕು. ಎಕ್ಸ್‌ಎಂಪಿ ಬರೆದಿಡದಿದ್ದಲ್ಲಿ ಚಿತ್ರ ಈ ಸಲ ಬಣ್ಣದಲ್ಲಿಯೇ ಬರುತ್ತದೆ. ಆ ಬಳಿಕ ಹತ್ತು ಪ್ರತಿಗಳನ್ನೂ ಪ್ರಯೋಗದ ಸೂಚಿಯನ್ನೂ ಅಳಿಸಿಬಿಡಬಹುದು.